ಚುನಾವಣೆಯಿಲ್ಲದೆ ಹುಟ್ಟಿದ ಸರ್ಕಾರಗಳು: ಐರ್ಲೆಂಡಿನ ಅನುಭವ

ಪ್ರಧಾನಿ ರಾಜೀನಾಮೆ ಕೊಟ್ಟರೆ ಇಡೀ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಂತೆ, ಹೊಸಬರು ಬರುವವರೆಗೆ ಹಳಬರೇ ಕೆಲಸ ನೋಡಿಕೊಳ್ಳಬೇಕು. ಐರ್ಲೆಂಡ್ ಸಂವಿಧಾನದ 28ನೇ ವಿಧಿ ಹೇಳುವುದು ಇಷ್ಟೇ. ಆದರೆ ಈ ಮಾತಿನಿಂದಾಗಿ ಅಲ್ಲಿ ಅವಧಿಯ ನಡುವೆ ನಾಯಕ ಬದಲಾದಾಗಲೆಲ್ಲ ಹೊಸ ಸರ್ಕಾರವೇ ರಚನೆಯಾಗಬೇಕಾಗುತ್ತದೆ, ಅದೂ ಸಂಸತ್ತಿನ ಕೆಳಮನೆಯಾದ ಡಾಯಿಲ್‌ನಲ್ಲಿ ಮತದಾನ ನಡೆದೇ. 1937ರ ಸಂವಿಧಾನ ಜಾರಿಗೆ ಬಂದ ಮೇಲೆ ಹೀಗೆ ಒಂಬತ್ತು ಸರ್ಕಾರಗಳು ಹುಟ್ಟಿವೆ. ಮೊದಮೊದಲು ಒಂದೇ ಪಕ್ಷದ ಮನೆಯೊಳಗಿನ ವ್ಯವಹಾರವಾಗಿದ್ದ ಈ ಬದಲಾವಣೆ 1994ರಲ್ಲಿ ಸಂಸತ್ತಿನ ಕೈಗೆ ಬಂತು. ಈಚೆಗೆ ಅದು ಮುಂಚಿತವಾಗಿ ಬರೆದಿಟ್ಟ ಒಪ್ಪಂದದ ಕಲಮಾಗಿದೆ.

ಇದರ ಬೇರು 1937ಕ್ಕಿಂತ ಹಿಂದಿನದು. 1922ರ ಐರಿಷ್ ಮುಕ್ತ ರಾಜ್ಯದ ಸಂವಿಧಾನದಲ್ಲಿ, ಬಹುಮತ ಕಳೆದುಕೊಂಡ ಕಾರ್ಯಕಾರಿ ಮಂಡಳಿ ಸದನ ವಿಸರ್ಜನೆಯ ಸಲಹೆ ಕೊಡುವಂತಿರಲಿಲ್ಲ. 1930ರ ಮಾರ್ಚ್‌ನಲ್ಲಿ ವೃದ್ಧಾಪ್ಯ ಪಿಂಚಣಿ ಮಸೂದೆಯ ಮೇಲೆ ಸೋತ ಮಂಡಳಿಯ ಅಧ್ಯಕ್ಷ ವಿಲಿಯಂ ಕಾಸ್‌ಗ್ರೇವ್ ರಾಜೀನಾಮೆ ಕೊಟ್ಟರು. ಸದನ ವಿರೋಧಪಕ್ಷದ ನಾಯಕ ಎಮನ್ ಡಿ ವಲೇರಾ ಅವರನ್ನೂ ಲೇಬರ್ ನಾಯಕರನ್ನೂ ತಿರಸ್ಕರಿಸಿ, ಏಪ್ರಿಲ್ ಆರಂಭದಲ್ಲಿ ಕಾಸ್‌ಗ್ರೇವ್ ಅವರನ್ನೇ ಮತ್ತೆ ಆರಿಸಿತು.

ಡಿ ವಲೇರಾ ಮುಂದೆ ನಿಂತು ರೂಪಿಸಿದ 1937ರ ಸಂವಿಧಾನ ಪ್ರಧಾನಿಯ ಕೈ ಬಲಪಡಿಸಿತು. ಬಹುಮತ ಕಳೆದುಕೊಂಡವರೂ ವಿಸರ್ಜನೆ ಕೇಳಬಹುದು, ಆದರೆ ಅಂಥವರ ಸಲಹೆಯನ್ನು ರಾಷ್ಟ್ರಪತಿ ಸ್ವಂತ ವಿವೇಚನೆಯಿಂದ ತಳ್ಳಿಹಾಕಬಹುದು. ಈ ಅಧಿಕಾರವನ್ನು ಇದುವರೆಗೆ ಯಾವ ರಾಷ್ಟ್ರಪತಿಯೂ ಬಳಸಿಲ್ಲ. ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಮಂಗಳೂರಿನ ಬಿ. ಎನ್. ರಾವ್ 1947ರಲ್ಲಿ ಡಬ್ಲಿನ್‌ಗೆ ಹೋಗಿ ಡಿ ವಲೇರಾ ಅವರನ್ನು ಕಂಡಿದ್ದರು. ನಿರ್ದೇಶಕ ತತ್ತ್ವಗಳು ಅಲ್ಲಿಂದ ನಮಗೆ ಬಂದವು, ಆದರೆ ಸರ್ಕಾರ ರಚನೆಯ ಕ್ರಮ ಬರಲಿಲ್ಲ. ನಮ್ಮಲ್ಲಿ ರಾಜ್ಯಪಾಲರೋ ರಾಷ್ಟ್ರಪತಿಯೋ ಮೊದಲು ಕರೆದು ಪ್ರಮಾಣವಚನ ಬೋಧಿಸುತ್ತಾರೆ, ಬಲಾಬಲ ಪರೀಕ್ಷೆ ಆಮೇಲೆ. ಅಲ್ಲಿ ಮೊದಲು ಸದನದ ಮತ, ನಂತರವೇ ನೇಮಕ. ಸದನ ಹೆಸರಿಸಿದವರು ಡಬ್ಲಿನ್‌ನ ಫೀನಿಕ್ಸ್ ಪಾರ್ಕ್‌ನಲ್ಲಿರುವ ರಾಷ್ಟ್ರಪತಿ ನಿವಾಸಕ್ಕೆ ಹೋಗಿ ಅಧಿಕಾರ ಮುದ್ರೆ ಪಡೆದು, ಸದನಕ್ಕೆ ಮರಳಿ ಮಂತ್ರಿಗಳ ಪಟ್ಟಿ ಮಂಡಿಸುತ್ತಾರೆ. ಆ ಪಟ್ಟಿಗೂ ಸದನದ ಒಪ್ಪಿಗೆ ಬೇಕು. ಸಾಮಾನ್ಯವಾಗಿ ಇದೆಲ್ಲ ಒಂದೇ ದಿನದಲ್ಲಿ ಮುಗಿಯುತ್ತದೆ. ಈ ಕ್ರಮವೇ ಮೇಲೆಂದು ನಾನು ಖಚಿತವಾಗಿ ನಂಬುತ್ತೇನೆ.

ಮೊದಲ ಮೂರು ಬದಲಾವಣೆಗಳು ಫಿಯಾನಾ ಫಾಯಿಲ್ ಪಕ್ಷದೊಳಗಿನವು. 1959ರ ಜೂನ್‌ನಲ್ಲಿ ಡಿ ವಲೇರಾ ರಾಷ್ಟ್ರಪತಿಯಾಗಿ ಆಯ್ಕೆಯಾದಾಗ ಷಾನ್ ಲೆಮಾಸ್ ಬಂದರು. 1966ರಲ್ಲಿ ಜ್ಯಾಕ್ ಲಿಂಚ್, ಜಾರ್ಜ್ ಕಾಲಿ ಅವರನ್ನು 52-19 ಮತಗಳಿಂದ ಸೋಲಿಸಿ ಲೆಮಾಸ್ ಉತ್ತರಾಧಿಕಾರಿಯಾದರು. 1979ರಲ್ಲಿ ಅದೇ ಕಾಲಿ ಎದುರು ಚಾರ್ಲ್ಸ್ ಹಾಹಿ 44-38ರಿಂದ ಗೆದ್ದರು. ದೇಶದ ಪ್ರಧಾನಿ ಯಾರೆಂದು ತೀರ್ಮಾನವಾದದ್ದು ಆ 82 ಮಂದಿ ಕೂಡಿದ ಕೋಣೆಯಲ್ಲಿ, ಡಾಯಿಲ್ ಅದಕ್ಕೆ ಮೊಹರು ಒತ್ತಿತು. ದೂರವಾಣಿ ಕದ್ದಾಲಿಕೆಯ ಹಳೆಯ ಪ್ರಕರಣ ಮತ್ತೆ ಎದ್ದು 1992ರ ಫೆಬ್ರವರಿಯಲ್ಲಿ ಹಾಹಿ ಇಳಿದು ಆಲ್ಬರ್ಟ್ ರೆನಾಲ್ಡ್ಸ್ ಬಂದದ್ದೂ ಇದೇ ದಾರಿಯಲ್ಲಿ.

1994ರ ಕಥೆಯೇ ಬೇರೆ. ರೆನಾಲ್ಡ್ಸ್ ಆಗ ಡಿಕ್ ಸ್ಪ್ರಿಂಗ್ ಅವರ ಲೇಬರ್ ಪಕ್ಷದ ಜೊತೆ ಸರ್ಕಾರ ನಡೆಸುತ್ತಿದ್ದರು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಪಾದ್ರಿ ಬ್ರೆಂಡನ್ ಸ್ಮಿತ್‌ನನ್ನು ಉತ್ತರ ಐರ್ಲೆಂಡಿಗೆ ಒಪ್ಪಿಸುವ ಕಡತ ಅಟಾರ್ನಿ ಜನರಲ್ ಕಚೇರಿಯಲ್ಲಿ ತಿಂಗಳುಗಟ್ಟಲೆ ಕೊಳೆತಿತ್ತು. ಅದೇ ಅಟಾರ್ನಿ ಜನರಲ್ ಹ್ಯಾರಿ ವೀಲಹನ್ ಅವರನ್ನು ನವೆಂಬರ್ 11ರಂದು, ಲೇಬರ್ ಮಂತ್ರಿಗಳು ಎದ್ದು ಹೊರನಡೆದರೂ, ಹೈಕೋರ್ಟ್ ಅಧ್ಯಕ್ಷರನ್ನಾಗಿ ನೇಮಿಸಲು ಸಂಪುಟ ನಿರ್ಧರಿಸಿತು. ಲೇಬರ್ ಬೆಂಬಲ ಹಿಂತೆಗೆಯಿತು, 17ರಂದು ರೆನಾಲ್ಡ್ಸ್ ರಾಜೀನಾಮೆ ಕೊಟ್ಟರು, ವಿಸರ್ಜನೆ ಕೇಳಲಿಲ್ಲ. ಕೇಳಿದ್ದರೂ ರಾಷ್ಟ್ರಪತಿ ಮೇರಿ ರಾಬಿನ್ಸನ್ ಒಪ್ಪುತ್ತಿರಲಿಲ್ಲವೆಂಬ ಮಾತು ಆಗ ವ್ಯಾಪಕವಾಗಿತ್ತು. ಫಿಯಾನಾ ಫಾಯಿಲ್‌ನ ಹೊಸ ನಾಯಕ ಬರ್ಟಿ ಅಹರ್ನ್ ಜೊತೆ ಲೇಬರ್ ಮತ್ತೆ ಕೈಜೋಡಿಸುವುದು ಬಹುತೇಕ ಕುದುರಿತ್ತು. ಡಿಸೆಂಬರ್ ಮೊದಲ ವಾರ ಐರಿಷ್ ಟೈಮ್ಸ್‌ನಲ್ಲಿ ಬಂದ ಒಂದು ವರದಿಯಿಂದ ಅದು ಮುರಿದುಬಿತ್ತು.

ಇಲ್ಲಿ ಲೆಕ್ಕಾಚಾರ ನೋಡಬೇಕು. 166 ಸ್ಥಾನಗಳ ಸದನದಲ್ಲಿ ಫಿನ ಗೇಲ್, ಲೇಬರ್, ಡೆಮಾಕ್ರಟಿಕ್ ಲೆಫ್ಟ್ ಮೂರೂ ಪಕ್ಷಗಳು ಸೇರಿ 1992ರ ಚುನಾವಣೆಯಲ್ಲಿ ಗೆದ್ದದ್ದು 82. ಉಪಚುನಾವಣೆಗಳ ನಂತರ ಅದು 85 ಆಗಿತ್ತು. ಕಾರ್ಕ್ ನಗರದ ಎರಡು ಉಪಚುನಾವಣೆಗಳು ನಡೆದದ್ದು ವೀಲಹನ್ ನೇಮಕದ ಹಿಂದಿನ ದಿನ. ಡಿಸೆಂಬರ್ 15ರಂದು ಈ ಮೂರು ಪಕ್ಷಗಳ ಬೆಂಬಲದಿಂದ ಫಿನ ಗೇಲ್‌ನ ಜಾನ್ ಬ್ರೂಟನ್ ಪ್ರಧಾನಿಯಾದರು. ಸಾರ್ವತ್ರಿಕ ಚುನಾವಣೆಯಿಲ್ಲದೆ ಆಡಳಿತ ಪಕ್ಷ ವಿರೋಧಪಕ್ಷದ ಸಾಲಿಗೆ ಹೋದದ್ದು ಆ ದೇಶದಲ್ಲಿ ಅದೇ ಮೊದಲು, ಇಂದಿನವರೆಗೆ ಅದೊಂದೇ. ಯಾರೂ ಪಕ್ಷಾಂತರ ಮಾಡಿಸಿ ಸಂಖ್ಯೆ ಕೂಡಿಸಲಿಲ್ಲ ಎಂಬುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

2008ರ ಮೇ ತಿಂಗಳಲ್ಲಿ ಅಹರ್ನ್ ನಂತರ ಬ್ರಯನ್ ಕವನ್ ಬಂದದ್ದು ಹಳೆಯ ಪದ್ಧತಿಗೇ ಮರಳಿದಂತೆ. 2017ರ ಜೂನ್‌ನಲ್ಲಿ ಫಿನ ಗೇಲ್‌ನ ಎಂಡಾ ಕೆನ್ನಿ ಸ್ಥಾನಕ್ಕೆ ಬಂದ, ಮುಂಬೈ ಮೂಲದ ವೈದ್ಯರ ಮಗ ಲಿಯೋ ವರಾಡ್ಕರ್‌ಗೆ ಸಿಕ್ಕಿದ್ದು 57 ಮತ, ವಿರುದ್ಧ 50. 47 ಸದಸ್ಯರು ತಟಸ್ಥರಾಗಿ ಉಳಿದರು. ಫಿಯಾನಾ ಫಾಯಿಲ್ ಹೊರಗಿನಿಂದ ಕೊಟ್ಟ ಆಸರೆಯಲ್ಲಿ ಆ ಸರ್ಕಾರ ನಿಂತಿತ್ತು.

2020ರ ಜೂನ್‌ನಲ್ಲಿ, ಸುಮಾರು ನೂರು ವರ್ಷ ಎದುರಾಳಿಗಳಾಗಿದ್ದ ಫಿಯಾನಾ ಫಾಯಿಲ್ ಮತ್ತು ಫಿನ ಗೇಲ್ ಗ್ರೀನ್ ಪಕ್ಷದ ಜೊತೆ ಒಂದಾದವು, ಪ್ರಧಾನಿ ಹುದ್ದೆಯನ್ನು ಹಂಚಿಕೊಂಡವು. ಒಪ್ಪಂದದಂತೆ 2022ರ ಡಿಸೆಂಬರ್ 17ರಂದು ಫಿಯಾನಾ ಫಾಯಿಲ್‌ನ ಮಿಹಾಲ್ ಮಾರ್ಟಿನ್ ಇಳಿದರು, ವರಾಡ್ಕರ್ 87-62 ಮತಗಳಿಂದ ಮರಳಿದರು. 2024ರ ಮಾರ್ಚ್‌ನಲ್ಲಿ ವರಾಡ್ಕರ್ ಅನಿರೀಕ್ಷಿತವಾಗಿ ಪದತ್ಯಾಗ ಘೋಷಿಸಿದಾಗ ಪಕ್ಷದಲ್ಲಿ ಯಾರೂ ಸ್ಪರ್ಧಿಸದೆ 37 ವರ್ಷದ ಸೈಮನ್ ಹ್ಯಾರಿಸ್ ನಾಯಕರಾದರು, ಏಪ್ರಿಲ್ 9ರಂದು ಪ್ರಧಾನಿಯಾದರು. ಒಂದೇ ಡಾಯಿಲ್ ಅವಧಿಯಲ್ಲಿ ಮೂವರು ಪ್ರಧಾನಿಗಳು. ಚುನಾವಣೆ ನಡೆಸಿ ಎಂದು ವಿರೋಧಪಕ್ಷ ಷಿನ್ ಫೇನ್ ಒತ್ತಾಯಿಸಿತು. ಸಂವಿಧಾನದ ಪ್ರಕಾರ ಅದರ ಅಗತ್ಯವಿರಲಿಲ್ಲ, ಸದನ ಮತ ಹಾಕಿತ್ತು. ಆದರೆ ಫಲಿತಾಂಶ ಎರಡು ವರ್ಷ ಮೊದಲೇ ಗೊತ್ತಿದ್ದ 2022ರ ಮತದಾನಕ್ಕೂ 1994ರ ಮತದಾನಕ್ಕೂ ಒಂದೇ ತೂಕ ಕೊಡಲು ನನಗಾಗದು. ಮೊದಲನೆಯದರಲ್ಲಿ ಸದನ ಒಪ್ಪಂದವನ್ನು ಪಾಲಿಸಿತು, ಎರಡನೆಯದರಲ್ಲಿ ಸರ್ಕಾರವನ್ನು ಆರಿಸಿತು.

ಈಗ ಆವರ್ತನ ಪದ್ಧತಿ ಅಲ್ಲಿ ರೂಢಿಯಾಗುವ ಲಕ್ಷಣವಿದೆ. 2024ರ ನವೆಂಬರ್ ಚುನಾವಣೆಯ ನಂತರ, 2025ರ ಜನವರಿಯಲ್ಲಿ ಮಾರ್ಟಿನ್ ಮತ್ತೆ ಪ್ರಧಾನಿಯಾದರು. ಒಪ್ಪಂದದ ಪ್ರಕಾರ 2027ರ ನವೆಂಬರ್‌ನಲ್ಲಿ ಆ ಹುದ್ದೆ ಫಿನ ಗೇಲ್‌ಗೆ ಹೋಗಬೇಕು.