ನಗೆಯ ಹಿಂದೊಂದು ಭಯ

ಫುಟ್‌ಬಾಲ್‌ನ ತಮಾಷೆಯ ಪ್ರಸಂಗಗಳನ್ನು ಪೋಣಿಸಿದ ವಿಡಿಯೊಗಳಲ್ಲಿ ಈ ದೃಶ್ಯ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಬ್ರೆಜಿಲ್‌ಗೆ ಫ್ರೀ ಕಿಕ್ ಸಿಕ್ಕಿದೆ. ಎದುರು ತಂಡದವರು ಸಾಲಾಗಿ ನಿಂತು ಗೋಡೆ ಕಟ್ಟಿದ್ದಾರೆ. ರೆಫರಿ ಸೀಟಿ ಊದಿದ್ದೇ ತಡ, ಆ ಗೋಡೆಯಿಂದ ಆಟಗಾರನೊಬ್ಬ ಬಾಣದಂತೆ ಚಿಮ್ಮಿ, ಬ್ರೆಜಿಲ್‌ನವರು ಒದೆಯಬೇಕಿದ್ದ ಚೆಂಡನ್ನು ತಾನೇ ಒದ್ದು ದೂರ ಅಟ್ಟುತ್ತಾನೆ! ರೆಫರಿ ಹಳದಿ ಕಾರ್ಡ್ ತೋರಿಸುತ್ತಾರೆ.

ಅದು 1974ರ ವಿಶ್ವಕಪ್. ಜೂನ್ 22ರಂದು ಪಶ್ಚಿಮ ಜರ್ಮನಿಯ ಗೆಲ್ಸೆನ್‌ಕಿರ್ಷೆನ್‌ನಲ್ಲಿ ನಡೆದ ಪಂದ್ಯ. ಚೆಂಡು ಒದ್ದವರು ಜೈರೆ ತಂಡದ ರಕ್ಷಣಾ ಆಟಗಾರ ಮ್ವೆಪು ಇಲುಂಗಾ. ಆಫ್ರಿಕಾದವರಿಗೆ ಆಟದ ನಿಯಮವೇ ತಿಳಿಯದು ಎಂದು ಹಲವರು ನಕ್ಕರು.

ಆದರೆ ಜೈರೆ ಅಡ್ಡದಾರಿಯಿಂದ ಬಂದ ತಂಡವಲ್ಲ. ಸಹಾರಾದ ದಕ್ಷಿಣದ ಆಫ್ರಿಕಾದಿಂದ ವಿಶ್ವಕಪ್ ಆಡಿದ ಮೊದಲ ದೇಶ ಅದು. ಅದೇ ವರ್ಷ ಆಫ್ರಿಕಾ ಕಪ್ ಗೆದ್ದಿತ್ತು. ಅಂಥ ತಂಡಕ್ಕೆ ನಿಯಮ ತಿಳಿಯದೇ?

ಇಲುಂಗಾ ವರ್ಷಗಳ ನಂತರ ಬಾಯಿಬಿಟ್ಟರು. ಸ್ಕಾಟ್ಲೆಂಡ್ ವಿರುದ್ಧ 0–2ರಿಂದ ಸೋತ ಮೇಲೆ, ಹೇಳಿದ್ದ ಹಣ ತಮ್ಮ ಕೈಸೇರುವುದಿಲ್ಲ ಎಂಬುದು ಆಟಗಾರರಿಗೆ ಗೊತ್ತಾಯಿತಂತೆ. ಯುಗೊಸ್ಲಾವಿಯಾ ವಿರುದ್ಧ ಆಡುವುದಿಲ್ಲವೆಂದು ಹಟ ಹಿಡಿದರೂ ಕೊನೆಗೆ ಕಣಕ್ಕಿಳಿದರು, 0–9ರಿಂದ ಸೋತರು. ಆಗ ಸರ್ವಾಧಿಕಾರಿ ಮೊಬುಟು ಕಡೆಯವರು ಹೋಟೆಲಿಗೆ ಬಂದು, ಬ್ರೆಜಿಲ್ ಎದುರು ನಾಲ್ಕು ಗೋಲುಗಳಿಂದ ಸೋತರೆ ಮನೆ ಸೇರುವುದಿಲ್ಲ ಎಂದು ಬೆದರಿಸಿದರು ಎಂಬುದು ಇಲುಂಗಾ ಅವರ ಮಾತು.

ಇತ್ತ ಮುಂದಿನ ಸುತ್ತಿಗೇರಲು ಬ್ರೆಜಿಲ್‌ಗೂ ಮೂರು ಗೋಲುಗಳ ಅಂತರ ಬೇಕಿತ್ತು. ಪಂದ್ಯ ಮುಗಿದದ್ದು 3–0ಕ್ಕೆ. ಬ್ರೆಜಿಲ್ ಮುಂದೆ ಹೋಯಿತು. ಒಂದೂ ಗೋಲು ಹೊಡೆಯದೆ 14 ಗೋಲು ಬಿಟ್ಟುಕೊಟ್ಟ ಜೈರೆ ಊರಿಗೆ ಮರಳಿತು.

ಆ ಒದೆತದ ಬಗ್ಗೆ ಇಲುಂಗಾ ಹೇಳಿದ್ದು ಒಂದೇ ಮಾತಲ್ಲ. ಗಾಬರಿಯಲ್ಲಿ ಒದ್ದೆ ಎಂದರು ಒಮ್ಮೆ. ನಿಯಮ ಚೆನ್ನಾಗಿ ಗೊತ್ತಿತ್ತು, ಬೇರೆಯವರು ಹಣ ಮಾಡಿಕೊಳ್ಳಲು ತಾನೇಕೆ ಆಡಬೇಕೆಂದು ಬೇಕೆಂದೇ ಒದ್ದೆ, ಕೆಂಪು ಕಾರ್ಡ್ ಸಿಗಲೆಂಬ ಆಸೆಯಿತ್ತು ಎಂದರು ಇನ್ನೊಮ್ಮೆ. ಎರಡರಲ್ಲಿ ಯಾವುದು ನಿಜವಾದರೂ ಅಜ್ಞಾನವಂತೂ ಕಾರಣವಲ್ಲ.

ಜೈರೆ 1997ರಲ್ಲಿ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯವಾಯಿತು. ಇಲುಂಗಾ 2015ರಲ್ಲಿ ತೀರಿಕೊಂಡರು. ಆ ತುಣುಕು ಮಾತ್ರ ಈಗಲೂ ಓಡುತ್ತಲೇ ಇದೆ. ನೋಡಿದವರು ನಗಲಿ, ಅಡ್ಡಿಯಿಲ್ಲ. ನಕ್ಕ ಮೇಲೆ ಅಂದು ಆತನ ಎದೆಯಲ್ಲಿ ಏನಿತ್ತೆಂದು ಒಂದು ಕ್ಷಣ ನೆನೆದರೆ ಸಾಕು.