ಕೊಡೈಕೆನಾಲ್‌ನಲ್ಲಿ ರೂಪುಗೊಂಡ ಪಾಠ: 30 ಮೀಟರ್ ದಾರ, ಒಂದು ಜೋಳದ ರೊಟ್ಟಿ

ಭಾಗ 1/6

ಗೆಳೆಯರೇ, ಈ ಸಲದ ಸರಣಿ ಒಂದು ಪ್ರಶ್ನೆಯಿಂದ ಶುರು.

ಶಾಲೆಯಲ್ಲಿ ನಿಮ್ಮ ಬ್ಯಾಗಿನಲ್ಲಿ ವಿಜ್ಞಾನಕ್ಕೆ ಒಂದು ಪುಸ್ತಕ ಇತ್ತು, ಸಮಾಜಕ್ಕೆ ಇನ್ನೊಂದು. ಸಮಾಜದ ಒಳಗೂ ಇತಿಹಾಸ ಬೇರೆ, ಭೂಗೋಳ ಬೇರೆ. ಜ್ವಾಲಾಮುಖಿ ಒಂದು ಪಾಠ, ಎರೆಮಣ್ಣು ಇನ್ನೊಂದು, ಗೋಳಗುಮ್ಮಟ ಮತ್ತೊಂದು. ಈ ಮೂರಕ್ಕೂ ನೇರ ಸಂಬಂಧ ಇದೆ ಅಂತ ಯಾರಾದ್ರೂ ನಿಮಗೆ ಹೇಳಿದ್ರಾ?

ಸಂಬಂಧ ಇದೆ. ಅದನ್ನ ಐದನೇ ಭಾಗದಲ್ಲಿ ನೋಡೋಣ.

ಅದಕ್ಕೂ ಮೊದಲು ಒಂದು ಕಥೆ. ವಿಜ್ಞಾನ, ಭೂಗೋಳ, ಇತಿಹಾಸ ಮೂರನ್ನೂ ಒಂದೇ ದೊಡ್ಡ ಕಥೆಯಾಗಿ 6ರಿಂದ 12 ವರ್ಷದ ಮಕ್ಕಳಿಗೆ ಕಲಿಸುವ ಒಂದು ಪದ್ಧತಿ ಇದೆ. ಇವತ್ತು ಜಗತ್ತಿನ ಎಷ್ಟೋ ಮಾಂಟೆಸ್ಸರಿ ಶಾಲೆಗಳಲ್ಲಿ ಅದೇ ನಡೆಯುತ್ತೆ. ಅದರ ಬಹುಭಾಗ ರೂಪುಗೊಂಡಿದ್ದು ಇಟಲಿಯಲ್ಲಲ್ಲ, ಅಮೆರಿಕದಲ್ಲೂ ಅಲ್ಲ. ನಮ್ಮ ಪಕ್ಕದ ತಮಿಳುನಾಡಿನ ಕೊಡೈಕೆನಾಲ್‌ನಲ್ಲಿ. ಅದೂ ಎರಡನೇ ಮಹಾಯುದ್ಧದ ಮಧ್ಯೆ, ಸರ್ಕಾರ "ಶತ್ರು ದೇಶದವರು" ಅಂತ ಹಣೆಪಟ್ಟಿ ಹಚ್ಚಿದ್ದ ಇಬ್ಬರಿಂದ.

ಭಾಗ 2/6

ಮರಿಯಾ ಮಾಂಟೆಸ್ಸರಿ ಹುಟ್ಟಿದ್ದು 1870ರಲ್ಲಿ, ಇಟಲಿಯಲ್ಲಿ. 1896ರಲ್ಲಿ ರೋಮ್‌ನಲ್ಲಿ ಡಾಕ್ಟರ್ ಆದರು. 1907ರಲ್ಲಿ ಅದೇ ಊರಿನ ಸ್ಯಾನ್ ಲೊರೆಂಜೊ ಅನ್ನೋ ಬಡವರ ಬಡಾವಣೆಯಲ್ಲಿ ಮಕ್ಕಳ ಮನೆ ತೆರೆದರು. ಈ "ಬಡವರ ಬಡಾವಣೆ" ಅನ್ನೋದನ್ನ ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

1930ರ ದಶಕದಲ್ಲಿ ಮುಸೊಲಿನಿಗೂ ಅವರಿಗೂ ಆಗಿಬರಲಿಲ್ಲ. ಇಟಲಿ ಬಿಟ್ಟರು. ಸ್ಪೇನ್‌ಗೆ ಹೋದರೆ ಅಲ್ಲಿ 1936ರಲ್ಲಿ ಅಂತರ್ಯುದ್ಧ. ಅಲ್ಲಿಂದ ನೆದರ್ಲ್ಯಾಂಡ್ಸ್. 1939ರಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಜಾರ್ಜ್ ಅರುಂಡೇಲ್ ಮತ್ತು ರುಕ್ಮಿಣಿದೇವಿ ಅರುಂಡೇಲ್ ಅವರ ಆಹ್ವಾನದ ಮೇಲೆ ಮದ್ರಾಸಿನ ಅಡ್ಯಾರ್‌ಗೆ ಬಂದರು. ಹೌದು, ಕಲಾಕ್ಷೇತ್ರದ ರುಕ್ಮಿಣಿದೇವಿಯೇ. ಸುಮಾರು 300 ಶಿಕ್ಷಕರಿಗೆ ತರಬೇತಿ. ಮಾಂಟೆಸ್ಸರಿ ಇಟಾಲಿಯನ್‌ನಲ್ಲಿ ಹೇಳ್ತಿದ್ರು, ಮಗ ಮಾರಿಯೋ ಇಂಗ್ಲಿಷಿಗೆ ಅನುವಾದ ಮಾಡ್ತಿದ್ರು. ಕೆಲವೇ ತಿಂಗಳು ಇದ್ದು ವಾಪಸ್ ಹೋಗೋದು ಅಂತ ಪ್ಲಾನ್.

1940ರ ಜೂನ್ 10ಕ್ಕೆ ಇಟಲಿ ಯುದ್ಧಕ್ಕಿಳೀತು. ಬ್ರಿಟಿಷ್ ಸರ್ಕಾರ ಮಾರಿಯೋ ಅವರನ್ನ ಅಹ್ಮದ್‌ನಗರದ ಶಿಬಿರದಲ್ಲಿ ಬಂಧನಕ್ಕಿಟ್ಟಿತು. ತಾಯಿಗೆ ಅಡ್ಯಾರ್ ಆವರಣ ಬಿಟ್ಟು ಹೋಗುವಂತಿಲ್ಲ.

ಆಗಸ್ಟ್ 31 ಅವರ 70ನೇ ಹುಟ್ಟುಹಬ್ಬ. ಆ ಸಂದರ್ಭಕ್ಕೆ ವೈಸ್‌ರಾಯ್ ಕಡೆಯಿಂದ ಬಂದ ಉಡುಗೊರೆ ಏನು ಗೊತ್ತಾ? ಮಾರಿಯೋ ಬಿಡುಗಡೆ. ಅಲ್ಲೀವರೆಗೆ ಲೋಕದ ಎದುರು ಅವರನ್ನ ಸೋದರಳಿಯ ಅಥವಾ ದತ್ತುಮಗ ಅಂತಲೇ ಪರಿಚಯಿಸಲಾಗ್ತಿತ್ತು. ಮದುವೆ ಆಗದೆ ಹುಟ್ಟಿದ ಮಗು ಅನ್ನೋ ಕಾರಣಕ್ಕೆ. ಸರ್ಕಾರದ ಆ ಸಂದೇಶದಲ್ಲಿ ಮಾತ್ರ "ಮಗ" ಅಂತಲೇ ಬರೆದಿತ್ತು.

ಕೆಲವು ತಿಂಗಳ ಪ್ರವಾಸ ಸುಮಾರು ಏಳು ವರ್ಷದ ವಾಸ ಆಯ್ತು.

ಭಾಗ 3/6

1942ರಲ್ಲಿ ತಾಯಿ-ಮಗ ಕೊಡೈಕೆನಾಲ್‌ಗೆ ಹೋದರು. 2,000 ಮೀಟರ್‌ಗಿಂತ ಎತ್ತರದ ಊರು. ಸುತ್ತ ಶೋಲಾ ಕಾಡು, ಬಂಡೆ, ತೊರೆ, ಮಂಜು. ಅಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕಲಿಯೋ ಒಂದು ಸಣ್ಣ ಶಾಲೆ ನಡೀತು. ಶ್ರೀಲಂಕಾದ ಲೀನಾ ವಿಕ್ರಮರತ್ನೆ ಅನ್ನೋ ಶಿಕ್ಷಕಿ ಅವರ ಜೊತೆ ಕೆಲಸ ಮಾಡಿದರು.

ಮಾಂಟೆಸ್ಸರಿ ಅಂದ್ರೆ ಈಗಲೂ ನಮ್ಮಲ್ಲಿ ಮೂರು ವರ್ಷದ ಮಕ್ಕಳು, ಗುಲಾಬಿ ಬಣ್ಣದ ಮರದ ಗೋಪುರ, ಮಣಿಗಳು. ಅಷ್ಟೇ ನೆನಪಾಗೋದು. ಕೊಡೈಕೆನಾಲ್‌ನಲ್ಲಿ ಅವರ ಗಮನ ದೊಡ್ಡ ಮಕ್ಕಳ ಕಡೆ ತಿರುಗಿತು. ಆರು ದಾಟಿದ ಮಗು ಮುಟ್ಟಿ ನೋಡೋದಕ್ಕಷ್ಟೇ ಸುಮ್ಮನಾಗಲ್ಲ. "ಯಾಕೆ?", "ಹೇಗೆ?", "ಯಾರು ಮಾಡಿದ್ದು?" ಅಂತ ಕೇಳುತ್ತೆ. ಕಣ್ಣೆದುರು ಇಲ್ಲದ್ದನ್ನೂ ಕಲ್ಪಿಸಿಕೊಳ್ಳುತ್ತೆ. ಹಾಗಿದ್ರೆ ಅದಕ್ಕೆ ತುಣುಕು ತುಣುಕು ಯಾಕೆ ಕೊಡ್ಬೇಕು? ಇಡೀ ವಿಶ್ವವನ್ನೇ ಮೊದಲು ಕೊಟ್ಟುಬಿಡೋಣ. ಇದು ಅವರ ಲೆಕ್ಕಾಚಾರ.

ಇದನ್ನ ವಿಶ್ವ ಶಿಕ್ಷಣ ಅಂತ ಕರೀಬಹುದು. ಈ ಯೋಚನೆ 1930ರ ದಶಕದಲ್ಲೇ ಮೊಳಕೆ ಒಡೆದಿತ್ತು, ಬಲಿತಿದ್ದು ಇಲ್ಲಿ. ಇದರ ಬಗ್ಗೆ ಅವರ ಮುಖ್ಯ ಪುಸ್ತಕ "ಟು ಎಜುಕೇಟ್ ದ ಹ್ಯೂಮನ್ ಪೊಟೆನ್ಷಿಯಲ್" 1948ರಲ್ಲಿ ಅಚ್ಚಾಗಿದ್ದೂ ಅಡ್ಯಾರ್‌ನಲ್ಲೇ.

ಯೋಚಿಸಿ ನೋಡಿ. ಹೊರಗೆ ದೇಶ ದೇಶಗಳು ಬಾಂಬ್ ಹಾಕ್ತಿವೆ. ಒಳಗೆ "ಶತ್ರು" ಅನ್ನಿಸಿಕೊಂಡ ಇಬ್ಬರು ಮಕ್ಕಳಿಗೆ ಹೇಳ್ತಿರೋದು ಮನುಷ್ಯರೆಲ್ಲರದ್ದೂ ಒಂದೇ ಕಥೆ ಅಂತ.

ಭಾಗ 4/6

ಸರಿ, ಕ್ಲಾಸಲ್ಲಿ ಇದು ನಡೆಯೋದು ಹೇಗೆ?

ಐದು ಮಹಾಕಥೆಗಳು. ಒಂದು, ವಿಶ್ವ ಮತ್ತು ಭೂಮಿ ಹುಟ್ಟಿದ್ದು. ಎರಡು, ಜೀವ ಬಂದಿದ್ದು. ಮೂರು, ಮನುಷ್ಯ ಬಂದಿದ್ದು. ನಾಲ್ಕು, ಬರವಣಿಗೆಯ ಕಥೆ. ಐದು, ಅಂಕಿಗಳ ಕಥೆ. ಪ್ರತಿ ವರ್ಷ ಮತ್ತೆ ಹೇಳ್ತಾರೆ. ಮಗು ಬೆಳೆದ ಹಾಗೆ ಅದೇ ಕಥೆಯಲ್ಲಿ ಹೊಸದು ಕಾಣುತ್ತೆ.

ಕಥೆ ಅಂದ್ರೆ ಬರೀ ಬಾಯಿಮಾತಲ್ಲ. ಮೊದಲ ಕಥೆಯ ಜೊತೆ ಒಂದು ಗಾಜಿನ ಲೋಟದಲ್ಲಿ ಜೇನು, ನೀರು, ಎಣ್ಣೆ ಹಾಕ್ತಾರೆ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಕಾದು ಕರಗಿದ ಭೂಮಿಯಲ್ಲಿ ಕಬ್ಬಿಣ ಒಳಗೆ ಇಳಿದು ಹಗುರ ಕಲ್ಲು ಮೇಲೆ ಉಳಿದಿದ್ದು ಯಾಕೆ ಅಂತ ಅಲ್ಲೇ ಕಾಣುತ್ತೆ.

ಕಥೆ ಮುಗಿದ ಮೇಲೆ ಮಕ್ಕಳ ಸರದಿ. ಅದರಲ್ಲೂ 9ರಿಂದ 12 ವಯಸ್ಸಿನವರು ಸಣ್ಣ ಗುಂಪು ಮಾಡ್ಕೊಂಡು ತಮಗೆ ಬೇಕಾದ ಪ್ರಶ್ನೆ ಹಿಡಿದು ಹೊರಡ್ತಾರೆ. ಇತಿಹಾಸಕ್ಕೆ ರಾಜರ ಪಟ್ಟಿ ಇಲ್ಲ. ಬದಲಿಗೆ ಮನುಷ್ಯನ ಮೂಲ ಅಗತ್ಯಗಳ ಚಾರ್ಟ್ ಇದೆ: ಊಟ, ಬಟ್ಟೆ, ಮನೆ, ರಕ್ಷಣೆ, ಸಾರಿಗೆ, ಜೊತೆಗೆ ಕಲೆ, ನಂಬಿಕೆ. ಯಾವ ಕಾಲ, ಯಾವ ಊರು ತಗೊಂಡ್ರೂ ಕೇಳೋ ಪ್ರಶ್ನೆ ಇವೇ. ಇವರು ಏನು ತಿಂತಿದ್ರು? ಅದು ಅಲ್ಲಿ ಯಾಕೆ ಬೆಳೀತಿತ್ತು? ಉತ್ತರ ಹುಡುಕೋಕೆ ಮಕ್ಕಳೇ ಯಾರನ್ನ ಭೇಟಿ ಮಾಡ್ಬೇಕು, ಹೇಗೆ ಹೋಗ್ಬೇಕು ಅಂತ ಪ್ಲಾನ್ ಮಾಡಿ ಶಾಲೆಯಿಂದ ಹೊರಗೆ ಹೋಗ್ತಾರೆ.

ಈಗ ನಾವೂ ಮಾಡಿ ನೋಡೋಣ, ನಮ್ಮ ನೆಲದ ಮೇಲೆ.

ಭಾಗ 5/6

ಮಾಂಟೆಸ್ಸರಿ ಶಾಲೆಗಳಲ್ಲಿ ಉದ್ದನೆಯ ಕಪ್ಪು ಬಟ್ಟೆಯ ಪಟ್ಟಿ ಒಂದಿರುತ್ತೆ. ಬಿಚ್ಚುತ್ತಾ ಹೋದಷ್ಟೂ ಮುಗಿಯಲ್ಲ. ಅದು ಭೂಮಿಯ ವಯಸ್ಸು. ತುದಿಯಲ್ಲಿ ಒಂದು ಸಣ್ಣ ಗೆರೆ, ಅದು ಮನುಷ್ಯ.

ನಿಮಗೆ ಬಟ್ಟೆ ಬೇಡ, 30 ಮೀಟರ್ ದಾರ ಸಾಕು. ಭೂಮಿಗೆ ಸುಮಾರು 454 ಕೋಟಿ ವರ್ಷ. ಅಂದ್ರೆ 1 ಮೀಟರ್‌ಗೆ ಸುಮಾರು 15 ಕೋಟಿ ವರ್ಷ, 1 ಮಿಲಿಮೀಟರ್‌ಗೆ ಒಂದೂವರೆ ಲಕ್ಷ ವರ್ಷ. "ಇವತ್ತು" ಅನ್ನೋ ತುದಿಯನ್ನ ಕೈಯಲ್ಲಿ ಹಿಡ್ಕೊಂಡು ಹಿಂದಕ್ಕೆ ಅಳೆಯಿರಿ.

20 ಮೀಟರ್ ಹಿಂದೆ: ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಸುಮಾರು 300 ಕೋಟಿ ವರ್ಷ.
ಒಂದೂವರೆ ಮೀಟರ್ ಹಿಂದೆ: ಡೈನೋಸಾರ್‌ಗಳ ಆರಂಭ.
44 ಸೆಂಟಿಮೀಟರ್ ಹಿಂದೆ: ದಖ್ಖನ್ ಮೇಲೆ ಲಾವಾ ಹರಿದಿದ್ದು, ಸುಮಾರು 6.6 ಕೋಟಿ ವರ್ಷ.
2 ಮಿಲಿಮೀಟರ್ ಹಿಂದೆ: ನಮ್ಮಂಥ ಮನುಷ್ಯರು.
ಒಂದು ತಲೆಕೂದಲಿನ ದಪ್ಪದಷ್ಟು ಹಿಂದೆ: ಕೃಷಿ.

ಲಾಲ್‌ಬಾಗ್ ಬಂಡೆ ಮೇಲೆ ಕೆಂಪೇಗೌಡರ ಕಾಲದ ಗೋಪುರ ಇದೆಯಲ್ಲ, ಅದನ್ನ ಈ ದಾರದ ಮೇಲೆ ಗುರುತು ಮಾಡೋಕೇ ಆಗಲ್ಲ. ಆ ಕೂದಲನ್ನ ಇಪ್ಪತ್ತು ಸೀಳು ಮಾಡಿದ್ರೆ ಒಂದು ಸೀಳು.

ಈಗ ಆ 44 ಸೆಂಟಿಮೀಟರ್ ಗುರುತಿಗೆ ಬನ್ನಿ. ಆ ಲಾವಾ ತಣ್ಣಗಾಗಿ ಬಸಾಲ್ಟ್ ಕಲ್ಲಾಯ್ತು. ಕಲ್ಲು ಸವೆದು ವಿಜಯಪುರ, ಬೆಳಗಾವಿ ಕಡೆಯ ಎರೆಮಣ್ಣಾಯ್ತು. ಎರೆಮಣ್ಣು ನೀರನ್ನ ಬಹಳ ದಿನ ಹಿಡಿದಿಟ್ಕೊಳ್ಳುತ್ತೆ, ಅದಕ್ಕೇ ಮಳೆಗಾಲ ಮುಗಿದ ಮೇಲೂ ಅಲ್ಲಿ ಹಿಂಗಾರಿ ಬಿಳಿಜೋಳ ಬರುತ್ತೆ. ಆ ಜೋಳ ಮೂಲದಲ್ಲಿ ನಮ್ಮದಲ್ಲ. ಆಫ್ರಿಕಾದ ರೈತರು ಪಳಗಿಸಿದ ಬೆಳೆ, ಸಾವಿರಾರು ವರ್ಷದ ಹಿಂದೆ ಇಲ್ಲಿಗೆ ಬಂತು. ಅದೇ ಕರಿ ಬಸಾಲ್ಟ್ ಕಲ್ಲಲ್ಲಿ 1656ರ ಹೊತ್ತಿಗೆ ಎದ್ದು ನಿಂತಿದ್ದು ಗೋಳಗುಮ್ಮಟ.

ಜ್ವಾಲಾಮುಖಿ ವಿಜ್ಞಾನ, ಮಣ್ಣು ಭೂಗೋಳ, ಗುಮ್ಮಟ ಇತಿಹಾಸ. ನಿಮ್ಮ ತಟ್ಟೆಯ ಜೋಳದ ರೊಟ್ಟಿಯಲ್ಲಿ ಈ ವಿಂಗಡಣೆ ಎಲ್ಲಿದೆ ಹೇಳಿ?

ಭಾಗ 6/6

ಕೊನೆಗೆ ಎರಡು ಮಾತು. ಎರಡೂ ಸ್ವಲ್ಪ ಖಾರ.

ಮೊದಲನೆಯದು. ಬರವಣಿಗೆಯ ಕಥೆಯನ್ನ ಸಾಮಾನ್ಯವಾಗಿ ಹೇಳೋದು ಈಜಿಪ್ಟ್, ಫಿನಿಷಿಯಾ, ಗ್ರೀಸ್, ರೋಮ್ ಅಂತ. ಅಲ್ಲಿಗೆ ಎ ಬಿ ಸಿ ಡಿ ಬಂತು, ಕಥೆ ಮುಗೀತು. ಕನ್ನಡದ ಮಗು ಬರೆಯೋ "ಅ" ಎಲ್ಲಿಂದ ಬಂತು? ಮಸ್ಕಿ, ಬ್ರಹ್ಮಗಿರಿಯ ಬಂಡೆಗಳ ಮೇಲಿರೋ ಅಶೋಕನ ಬ್ರಾಹ್ಮಿ ಅಕ್ಷರ, ಅದೇ ಲಿಪಿಯ ವಂಶದಲ್ಲಿ ಬಂದ ಕನ್ನಡ ಲಿಪಿ, ಇವು ಆ ಕಥೆಗೆ ಸೇರಬೇಕು. ನಮ್ಮ ದೇಶದಲ್ಲೇ ಬೆಳೆದ ಪದ್ಧತಿಯಲ್ಲಿ ನಮ್ಮ ಅಕ್ಷರಕ್ಕೆ ಜಾಗ ಇಲ್ಲದಿದ್ರೆ ಹೇಗೆ? ಚೌಕಟ್ಟು ಅವರು ಕೊಟ್ಟಿದ್ದಾರೆ. ಒಳಗೆ ತುಂಬಬೇಕಾದವರು ನಾವು.

ಎರಡನೆಯದು. ಸ್ಯಾನ್ ಲೊರೆಂಜೊ ನೆನಪಿದೆಯಲ್ವಾ? ಬಡವರ ಮಕ್ಕಳಿಗಾಗಿ ಶುರುವಾದ ಪದ್ಧತಿ ಇವತ್ತು ನಮ್ಮ ನಗರಗಳಲ್ಲಿ ಹೆಚ್ಚಾಗಿ ಸಿಗೋದು ದುಬಾರಿ ಫೀಸಿನ ಗೇಟಿನ ಒಳಗೆ. ಮರದ ಸಾಮಾನಿಗೆ ದುಡ್ಡು ಬೇಕು, ನಿಜ. ಆದ್ರೆ ದಾರಕ್ಕೆ, ಒಂದು ಲೋಟ ಎಣ್ಣೆ-ನೀರಿಗೆ, ಊರ ಹೊಲಕ್ಕೆ, ಊರ ಬಂಡೆಗೆ ಫೀಸ್ ಇಲ್ಲ. ಸರ್ಕಾರಿ ಶಾಲೆಯ ಅಂಗಳದಲ್ಲಿ 30 ಮೀಟರ್ ಜಾಗ ಸಾಮಾನ್ಯವಾಗಿ ಇದ್ದೇ ಇರುತ್ತೆ.

ಮಾಂಟೆಸ್ಸರಿ 1946ರಲ್ಲಿ ಯುರೋಪಿಗೆ ಮರಳಿದರು, ಮತ್ತೆ ಒಮ್ಮೆ ಭಾರತಕ್ಕೆ ಬಂದು ಹೋದರು, 1952ರಲ್ಲಿ ನೆದರ್ಲ್ಯಾಂಡ್ಸ್‌ನಲ್ಲಿ ತೀರಿಕೊಂಡರು. ಕೊಡೈಕೆನಾಲ್‌ನ ಕೆಲಸ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ.

ನಿಮ್ಮಲ್ಲಿ ಬಿ.ಎಡ್., ಡಿ.ಎಡ್. ಓದ್ತಿರೋರು ಇದ್ದೀರಿ. ಮನೆಯಲ್ಲಿ ತಮ್ಮ, ತಂಗಿ ಇರೋರು ಇನ್ನೂ ಜಾಸ್ತಿ. ಈ ಭಾನುವಾರ ಒಂದು ಉಂಡೆ ದಾರ ತಗೊಳ್ಳಿ. ನಿಮ್ಮ ಊರಿನ ಕಲ್ಲು, ನಿಮ್ಮ ಊರಿನ ಬೆಳೆ, ನಿಮ್ಮ ಊರಿನ ಶಾಸನ ಎಲ್ಲಿ ಬರುತ್ತೆ ಅಂತ ಗಂಟು ಹಾಕ್ತಾ ಹೋಗಿ. ಯಾವ ಗಂಟು ಎಲ್ಲಿ ಬಿತ್ತು ಅಂತ ಕೆಳಗೆ ಬರೀರಿ, ಊರಿನ ಹೆಸರು ಮರೀಬೇಡಿ. ಚೆನ್ನಾಗಿರೋದನ್ನ ಸ್ಟೋರಿಯಲ್ಲಿ ಹಾಕ್ತೀನಿ.

#ಇತಿಹಾಸ #ಕನ್ನಡದಲ್ಲಿಕಲಿ #ದಾರದಪಾಠ