ಸಮಾಧಿಭೂಮಿಯಲ್ಲಿ ಈಸ್ಟರ್ ಬೆಳಗು

1738ರ ಆಗಸ್ಟ್‌ನಲ್ಲಿ ಜರ್ಮನಿಯ ಸ್ಯಾಕ್ಸನಿಗೆ ಸೇರಿದ ಹೆರ್ನ್‌ಹುಟ್ ಎಂಬ ಪುಟ್ಟ ಊರಿನಲ್ಲಿ ಒಂದು ಮಗುವನ್ನು ಮಣ್ಣು ಮಾಡಿದರು. ನಾಲ್ವರು ಮಕ್ಕಳೇ ಶವ ಹೊತ್ತಿದ್ದರು. ಹಿಂದೆ ತಂದೆ, ಆಮೇಲೆ ಗಂಡಸರು, ಕೊನೆಯಲ್ಲಿ ಹೆಂಗಸರು. ದಾರಿಯುದ್ದಕ್ಕೂ ಎಲ್ಲರದೂ ಹಾಡು. ಆ ತಂದೆ ಬಟ್ಟೆ ಹೊಲಿದು ಬದುಕುವ ಸಾಮಾನ್ಯ ದರ್ಜಿ. ಗುಂಡಿಯನ್ನೇ ನೋಡುತ್ತ ನಿಂತಿದ್ದ ಅವನನ್ನು, ಹೇಗಿದ್ದೀಯೆಂದು ಇಂಗ್ಲೆಂಡಿನಿಂದ ಬಂದಿದ್ದ ಒಬ್ಬ ಪಾದ್ರಿ ವಿಚಾರಿಸಿದ. ಇಷ್ಟು ಚೆನ್ನಾಗಿ ಹಿಂದೆಂದೂ ಇರಲಿಲ್ಲ ಎಂಬರ್ಥದ ಉತ್ತರ ಬಂತು. ಮಗ ಪ್ರಭುವಿನ ಬಳಿ ಇದ್ದಾನೆ, ಪುನರುತ್ಥಾನದ ದಿನ ತಾವಿಬ್ಬರೂ ಅಲ್ಲಿಯೇ ಕೂಡುತ್ತೇವೆ ಎನ್ನುವುದರಲ್ಲಿ ಅವನಿಗೆ ಸಂದೇಹವೇ ಇರಲಿಲ್ಲ.

ಆ ಪಾದ್ರಿ ಜಾನ್ ವೆಸ್ಲಿ, ಮುಂದೆ ಮೆಥಡಿಸ್ಟ್ ಪಂಥಕ್ಕೆ ಮೂಲಪುರುಷನಾದವನು. ಅವನು ದಿನಚರಿಯಲ್ಲಿ ಇದನ್ನು ಬರೆದಿಟ್ಟದ್ದು ಬರೀ ಕುತೂಹಲದಿಂದಲ್ಲ. ಎರಡು ವರ್ಷಗಳಿಂದ ಇದೇ ಜನ ಅವನ ನಿದ್ದೆ ಕೆಡಿಸಿದ್ದರು. 1736ರ ಜನವರಿ 25ರಂದು, ಅಮೆರಿಕದ ಜಾರ್ಜಿಯಕ್ಕೆ ಹೊರಟಿದ್ದ ಹಡಗಿನಲ್ಲಿ ಬಿರುಗಾಳಿಗೆ ಮುಖ್ಯ ಪಟ ಹರಿದು, ಅಟ್ಟಗಳ ನಡುವೆ ಸಮುದ್ರ ನುಗ್ಗಿತು. ಇಂಗ್ಲಿಷರು ಚೀರಾಡಿದರು. ಕೀರ್ತನೆ ಹಾಡುತ್ತಿದ್ದ, ಹೆರ್ನ್‌ಹುಟ್ಟಿನ ಪಂಗಡಕ್ಕೇ ಸೇರಿದ ಜರ್ಮನರು ಮಾತ್ರ ಹಾಡು ನಿಲ್ಲಿಸಲಿಲ್ಲ. ಹೆದರಿಕೆಯಾಗಲಿಲ್ಲವೇ, ಹೆಂಗಸರು ಮಕ್ಕಳಾದರೂ ಹೆದರಲಿಲ್ಲವೇ ಎಂದು ಆಮೇಲೆ ಕೇಳಿದರೆ, ಇಲ್ಲವೆಂದರು. ದಡ ಸೇರಿದ ಮೇಲೆ ಅವರ ಮುಖಂಡ ಸ್ಪಾಂಗೆನ್‌ಬೆರ್ಗ್, ಕ್ರಿಸ್ತನು ನಿನ್ನನ್ನು ರಕ್ಷಿಸಿದ್ದಾನೆಂದು ನಿನಗೆ ಗೊತ್ತೇ ಎಂದು ನೇರವಾಗಿ ಕೇಳಿದಾಗ ಆಕ್ಸ್‌ಫರ್ಡಿನಲ್ಲಿ ಓದಿದ್ದ ವೆಸ್ಲಿ ತಡವರಿಸಿದ. ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ಆ ಭರವಸೆ ಅವನಿಗೆ ದಕ್ಕಿದ್ದು 1738ರ ಮೇ 24ರಂದು. ಅದಾದ ಮೂರು ತಿಂಗಳೊಳಗೆ ಹೆರ್ನ್‌ಹುಟ್ಟಿಗೆ ಬಂದ.

ಆ ಊರಿಗೆ ಆಗ ಬರೀ ಹದಿನಾರು ವರ್ಷ. ಹಾಬ್ಸ್‌ಬರ್ಗ್ ಆಳ್ವಿಕೆಯ ಮೊರೇವಿಯದಲ್ಲಿ ಪ್ರಾಟೆಸ್ಟೆಂಟರಿಗೆ ಉಳಿಗಾಲವಿಲ್ಲದೆ, ಮನೆಮಠ ಬಿಟ್ಟು ಗಡಿ ದಾಟಿ ಬಂದವರಿಗೆ ನಿಕೋಲಸ್ ಫೊನ್ ಜಿನ್ಜೆನ್‌ಡೋರ್ಫ್ ಎಂಬ ಯುವ ಜಮೀನ್ದಾರ 1722ರಲ್ಲಿ ತನ್ನ ಎಸ್ಟೇಟಿನಲ್ಲಿ ಜಾಗ ಕೊಟ್ಟಿದ್ದ. 1415ರಲ್ಲಿ ಜೀವಂತ ಸುಡಲಾದ ಚರ್ಚ್ ಸುಧಾರಕ ಯಾನ್ ಹುಸ್‌ನ ಪರಂಪರೆಯವರಾದ ಇವರನ್ನು ಮೊರೇವಿಯನ್ನರು ಎನ್ನುತ್ತಾರೆ. ಜಿನ್ಜೆನ್‌ಡೋರ್ಫ್ ಬಾಲ್ಯದಲ್ಲಿ ಹಾಲೆ ಊರಿನ ಪಯಟಿಸ್ಟರ, ಅಂದರೆ ಅಂತರಂಗದ ಭಕ್ತಿಗೆ ಒತ್ತು ಕೊಡುವ ಪ್ರಾಟೆಸ್ಟೆಂಟರ, ಶಾಲೆಯಲ್ಲಿ ಕಲಿತವನು. ಪಾಪಕ್ಕಾಗಿ ಗೋಳಾಡಿ, ಒಳಗೊಳಗೇ ಹೋರಾಡಿದ ಮೇಲಷ್ಟೇ ರಕ್ಷಣೆಯ ಸಮಾಧಾನ ಎಂಬುದು ಅಲ್ಲಿನ ಪಾಠ. ಅದನ್ನು ಅವನು ಒಪ್ಪಲಿಲ್ಲ. ಕ್ರಿಸ್ತ ತೀರಿಸಿದ ಸಾಲವನ್ನು ಮತ್ತೆ ಅಳುತ್ತ ತೀರಿಸುವುದೇನಿದೆ ಎಂಬುದು ಅವನ ನಿಲುವಿನ ಸಾರ. ಹಾಲೆಯವರಿಗೆ ಇದು ತೀರ ಅಗ್ಗದ ಸಂತೋಷವಾಗಿ ಕಂಡಿತು. ಜಗಳ ಬಹುಕಾಲ ನಡೆಯಿತು.

ಹೆರ್ನ್‌ಹುಟ್‌ನವರ ಹೆಚ್ಚುಗಾರಿಕೆ ಎಂದರೆ, ಈ ಸಂತೋಷವನ್ನು ಅವರು ಪ್ರಸಂಗಪೀಠಕ್ಕೆ ಬಿಡದೆ ಊರಿನ ರಚನೆಯಲ್ಲೇ ಕೂರಿಸಿದರು. ಸಭೆಯನ್ನು ವಿವಾಹಿತ ಗಂಡಸರು, ವಿವಾಹಿತ ಹೆಂಗಸರು, ಅವಿವಾಹಿತರು, ವಿಧವೆಯರು, ಮಕ್ಕಳು ಎಂದು ಗುಂಪು ಮಾಡಿದ್ದರು. ಹೂಟ್‌ಬೆರ್ಗ್ ಗುಡ್ಡದ ಸಮಾಧಿಭೂಮಿಯಲ್ಲೂ ಅದೇ ಕ್ರಮ. ಸಾಮಾನ್ಯವಾಗಿ ಗಂಡನ ಪಕ್ಕ ಹೆಂಡತಿಯಿಲ್ಲ, ಮನೆತನದ ಗೋರಿಯಿಲ್ಲ. ಯಾರು ಮೊದಲು ಸತ್ತರೋ ಅವರ ಪಕ್ಕಕ್ಕೆ ಮುಂದಿನವರು. ಕಲ್ಲು ನೆಲಕ್ಕೆ ಮಟ್ಟಸ. ಬಹುಪಾಲು ಸದಸ್ಯರು ಬದುಕಿರುವಾಗಲೇ ತಮ್ಮ ಆತ್ಮಕಥನ ಬರೆದಿಡುತ್ತಿದ್ದರು. ಅಂತ್ಯಕ್ರಿಯೆಯಲ್ಲಿ ಅದನ್ನು ಓದುತ್ತಿದ್ದರು, ಕೊನೆಯ ದಿನಗಳ ವಿವರವನ್ನು ಇನ್ನೊಬ್ಬರು ಸೇರಿಸುತ್ತಿದ್ದರು. ಕಮ್ಮಾರ, ಅಡುಗೆಯವಳು, ಗುಲಾಮ ಇಂಥವರ ಬದುಕಿನ ಕಥೆ ಅವರದೇ ಮಾತಿನಲ್ಲಿ ಇಂದು ಇತಿಹಾಸಕಾರರ ಕೈಗೆ ಸಿಕ್ಕಿರುವುದು ಈ ಪದ್ಧತಿಯಿಂದ.

1732ರ ಈಸ್ಟರ್ ದಿನ ನಸುಕಿನಲ್ಲಿ ಊರಿನ ಅವಿವಾಹಿತ ಯುವಕರು ಇದೇ ಗುಡ್ಡ ಹತ್ತಿ, ಸತ್ತವರ ನಡುವೆ ನಿಂತು ಪುನರುತ್ಥಾನದ ಹಾಡು ಹಾಡಿದರು. ಮರುವರ್ಷ ಊರೇ ಬಂತು. ಮೊರೇವಿಯನ್ ಮಿಷನರಿಗಳು ಹೋದಲ್ಲೆಲ್ಲ ಆ ಆರಾಧನೆಯೂ ಹೋಯಿತು. ಇಂದು ಈಸ್ಟರ್ ನಸುಕಿನಲ್ಲಿ ಬಯಲಿಗೆ ಬಂದು ಆರಾಧಿಸುವ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಹಲವರು ಹೂಟ್‌ಬೆರ್ಗ್ ಹೆಸರು ಕೇಳಿರಲಾರರು. ನಮ್ಮ ಕರಾವಳಿಗೂ ಒಂದು ದೂರದ ನಂಟಿದೆ: 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಹಿನ್ನೆಲೆ ದಕ್ಷಿಣ ಜರ್ಮನಿಯ ಪಯಟಿಸಂ. ಅದಕ್ಕೂ ಹೆರ್ನ್‌ಹುಟ್ಟಿಗೂ ಕೊಡುಕೊಳೆ ಇತ್ತು.

ಪೆನ್ಸಿಲ್ವೇನಿಯದ ಬೆತ್ಲೆಹೆಮ್ 1741ರಲ್ಲಿ ಇವರು ಕಟ್ಟಿದ ಊರು. ಅಲ್ಲಿ ಸಾವಿನ ಸುದ್ದಿ ತಿಳಿಸುತ್ತಿದ್ದದ್ದು ಟ್ರಾಂಬೋನ್. ಎತ್ತರದಲ್ಲಿ ನಿಂತ ವಾದಕರು ಮೂರು ಭಕ್ತಿಗೀತೆಗಳ ರಾಗ ನುಡಿಸುವರು. ಒಂದೊಂದು ಗುಂಪಿಗೂ ಒಂದೊಂದು ರಾಗ ಗೊತ್ತಾಗಿದ್ದರಿಂದ, ನಡುವಿನದನ್ನು ಕೇಳಿದರೆ ಸಾಕು, ತೀರಿಕೊಂಡದ್ದು ವಿಧವೆಯೋ ಅವಿವಾಹಿತ ಯುವಕನೋ ಎಂದು ಹೊಲದಲ್ಲಿದ್ದವರಿಗೂ ತಿಳಿಯುತ್ತಿತ್ತು. ಅಲ್ಲಿಯ ಸಮಾಧಿಭೂಮಿಯಲ್ಲಿ ಜರ್ಮನರ ನಡುವೆಯೇ ಮೋಹಿಕನ್ ಬುಡಕಟ್ಟಿನ ಕ್ರೈಸ್ತರೂ ಇದ್ದಾರೆ. 1746ರಲ್ಲಿ ಸಿಡುಬಿಗೆ ಬಲಿಯಾದ ಚೂಪ್, ದೀಕ್ಷಾಸ್ನಾನದ ಹೆಸರು ಯೋಹಾನ್ನೆಸ್, ಅವರಲ್ಲಿ ಹೆಸರಾದವನು.

ಸಂತೋಷಕ್ಕೆ ಮಿತಿ ತಪ್ಪಿದ್ದೂ ಉಂಟು. 1740ರ ದಶಕದಲ್ಲಿ ಹೆರ್ನ್‌ಹಾಗ್ ಎಂಬ ಇನ್ನೊಂದು ವಸಾಹತಿನಲ್ಲಿ ದೀಪಾಲಂಕಾರ, ಹಬ್ಬಗಳ ಭರಾಟೆ, ಕ್ರಿಸ್ತನ ಗಾಯಗಳ ಬಗ್ಗೆ ಮಕ್ಕಳಾಟದಂಥ ಪದಗಳು ಎಷ್ಟು ಹೆಚ್ಚಿದವೆಂದರೆ, ಅದಕ್ಕೆ ಇಂಬು ಕೊಟ್ಟಿದ್ದ ಜಿನ್ಜೆನ್‌ಡೋರ್ಫ್‌ನೇ 1749ರಲ್ಲಿ ಛೀಮಾರಿ ಹಾಕಿದ. ಸ್ಥಳೀಯ ದೊರೆಯ ಜೊತೆಗಿನ ತಕರಾರೂ ಸೇರಿ 1750ರ ನಂತರ ಆ ಊರೇ ಖಾಲಿಯಾಯಿತು. ವೆಸ್ಲಿ ಅಷ್ಟು ಹೊತ್ತಿಗೆ ಇವರಿಂದ ದೂರವಾಗಿ ದಶಕ ಕಳೆದಿತ್ತು.

ಆದರೆ ಅತಿರೇಕಕ್ಕಿಂತ ದೊಡ್ಡ ಪರೀಕ್ಷೆ ಬೇರೆ ಇತ್ತು. ಇವರದೇ ಇನ್ನೊಂದು ಊರಾದ ಉತ್ತರ ಕೆರೊಲಿನಾದ ಸೇಲಂನಲ್ಲಿ 1772ರಲ್ಲಿ ಶುರುವಾದ ಈಸ್ಟರ್ ಬೆಳಗಿನ ಆರಾಧನೆಗೆ ಇಂದಿಗೂ ಸಾವಿರಾರು ಜನ ಸೇರುತ್ತಾರೆ. ಹಿಂದಿನ ದಿನ ಮನೆಮಂದಿ ಬಂದು ಒಂದೇ ಅಳತೆಯ ಬಿಳಿ ಕಲ್ಲುಗಳನ್ನು ಉಜ್ಜಿ ತೊಳೆದು ಹೂವಿಡುತ್ತಾರೆ, ವಾದ್ಯದ ತಂಡಗಳು ನಡುರಾತ್ರಿ ದಾಟಿದ ಮೇಲೆ ಬೀದಿಗಳಲ್ಲಿ ನುಡಿಸಿ ಊರನ್ನು ಎಬ್ಬಿಸುತ್ತವೆ. ಆದರೆ ಇದೇ ಸೇಲಂನ ಮೊರೇವಿಯನ್ನರು ಗುಲಾಮರನ್ನೂ ಇಟ್ಟುಕೊಂಡಿದ್ದರು. ಮೊದಮೊದಲು ಕಪ್ಪು ಜನ ಬಿಳಿಯರ ಸಾಲಿನಲ್ಲೇ ಕೂತು ಆರಾಧಿಸಿದರು, ಅದೇ ನೆಲದಲ್ಲಿ ಮಣ್ಣಾದರು. 1816ರಲ್ಲಿ ಸಮಾಧಿ ಬೇರೆಯಾಯಿತು, 1823ರಲ್ಲಿ ದಿಮ್ಮಿಗಳ ಬೇರೆ ಚರ್ಚೂ ಎದ್ದಿತು. ನಿತ್ಯಜೀವದಲ್ಲಿ ಎಲ್ಲರೂ ಒಂದೇ ಎಂದು ಒಪ್ಪಿದ್ದವರಿಗೆ ಆರಡಿ ನೆಲ ಹಂಚಿಕೊಳ್ಳುವುದು ಕಷ್ಟವಾಯಿತು. ಅದೇ ಕಪ್ಪು ಸಭೆ 1861ರಲ್ಲಿ ಇಟ್ಟಿಗೆಯ ಸೇಂಟ್ ಫಿಲಿಪ್ಸ್ ಚರ್ಚಿಗೆ ಸ್ಥಳಾಂತರವಾಯಿತು. ಅಂತರ್ಯುದ್ಧ ಮುಗಿದು, 1865ರ ಮೇ 21ರಂದು, ಗುಲಾಮರೆಲ್ಲ ಇನ್ನು ಸ್ವತಂತ್ರರು ಎಂಬ ಪ್ರಕಟಣೆಯನ್ನು ಒಕ್ಕೂಟದ ಸೇನೆಯ ಪಾದ್ರಿಯೊಬ್ಬ ಓದಿದ್ದು ಆ ಚರ್ಚಿನಲ್ಲಿ.